ಬಾಕಿ ಉಳಿದ ಧನ್ಯವಾದ

ನಮ್ಮ ಊರಿನಲ್ಲಿ ಯಾವ ಕಾರ್ಯಕ್ರಮ ನಡೆದರೂ ಧನ್ಯವಾದ ಸಮರ್ಪಣೆ ನನ್ನ ಪಾಲಿಗೆ ಬರುತ್ತದೆ. ಪ್ರಾರ್ಥನೆಗೆ ಶಾಲೆಯ ಹುಡುಗಿಯರಿದ್ದಾರೆ. ಸ್ವಾಗತವನ್ನು ಪಂಚಾಯತ್ ಅಧ್ಯಕ್ಷರಿಗೆ ಹತ್ತಿರದವರು ಮಾಡುತ್ತಾರೆ. ಪ್ರಾಸ್ತಾವಿಕ ಮಾತಿಗೆ ಜನ ಹೆಚ್ಚಾಗಿ ಯಾರನ್ನು ಬಿಡುವುದು ಎಂಬುದೇ ಕಷ್ಟ. ಧನ್ಯವಾದ ಮಾತ್ರ ಯಾರಿಗೂ ಬೇಡ. "ನೀವೇ ಮಾಡಿ, ನಿಮ್ಮದು ಕಾನ್ವೆಂಟ್ ಸ್ವರ" ಎನ್ನುತ್ತಾರೆ. ಕಾನ್ವೆಂಟ್ ಸ್ವರ ಎಂದರೆ ಮೈಕ್ ಇಲ್ಲದಿದ್ದರೆ ಎರಡನೆಯ ಸಾಲಿಗೂ ಕೇಳಿಸದ ಸ್ವರ ಎಂದು ನನಗೆ ಆಮೇಲೆ ಗೊತ್ತಾಯಿತು.

ಆದರೂ ಈ ಕೆಲಸಕ್ಕೆ ಒಂದು ಮರ್ಯಾದೆ ಇದೆ. ಧನ್ಯವಾದ ಮುಗಿಯದೆ ಚಾದ ಜೊತೆ ಕೊಡುವ ಗೋಳಿಬಜೆಯ ಪಾತ್ರೆಯ ಮುಚ್ಚಳ ತೆಗೆಯುವ ಕ್ರಮ ನಮ್ಮಲ್ಲಿ ಇಲ್ಲ. ಹಾಗಾಗಿ ಭಾಷಣಗಳ ಹೊತ್ತಿಗೆ ಅಂಗಳದಲ್ಲಿ ನಿಂತು ಫೋನ್ ನೋಡುತ್ತಿದ್ದವರು ಧನ್ಯವಾದಕ್ಕೆ ಸರಿಯಾಗಿ ಒಳಗೆ ಬಂದು ಕೂರುತ್ತಾರೆ. ಇಡೀ ಕಾರ್ಯಕ್ರಮದಲ್ಲಿ ಸಭಾಂಗಣ ತುಂಬುವುದು ಆಗಲೇ.

ನನ್ನ ತವರು ಕಬಕ. ಅಲ್ಲಿಂದ ಬಸ್ಸಿನಲ್ಲಿ ಪುತ್ತೂರಿನ ಕಾನ್ವೆಂಟಿಗೆ ಹೋಗುತ್ತಿದ್ದೆ. ಅಲ್ಲಿ ನಮಗೆ ಭಾಷಣ ಕಲಿಸಿದ ಸಿಸ್ಟರ್ ಒಬ್ಬರು ಧನ್ಯವಾದಕ್ಕೆ ಒಂದು ಪದ್ಧತಿ ಹೇಳಿಕೊಟ್ಟಿದ್ದರು. ವಿಶಾಲ ಹೃದಯದವರು, ದೊಡ್ಡ ಮನಸ್ಸಿನವರು ಎಂದೆಲ್ಲ ಹೇಳಬಾರದು. ಅವರ ಹೃದಯವನ್ನು ನೀವು ನೋಡಿಲ್ಲ. ಏನು ಕೊಟ್ಟರೋ ಅದನ್ನು ಹೇಳಿ. ಅವರು ಮಾತಾಡುವಾಗ ಒಂದೊಂದಕ್ಕೆ ಒಂದೊಂದು ಬೆರಳು ಮಡಚಿಕೊಳ್ಳಿ. ಪಡೆದುಕೊಂಡವರು ಸಭೆಯಲ್ಲಿದ್ದರೆ ಅವರನ್ನು ಕರೆದು ಕೊಟ್ಟವರಿಗೆ ಒಂದು ಹೂವು ಕೊಡಿಸಿ. ಸಿಸ್ಟರ್ ಹೇಳಿದ ಎಷ್ಟೋ ಸಂಗತಿಗಳನ್ನು ನಾನು ಮರೆತಿದ್ದೇನೆ. ಇದು ಉಳಿದುಕೊಂಡಿದೆ, ಯಾಕೆಂದರೆ ಆಗಾಗ ಬಳಕೆಯಲ್ಲಿದೆ.

ಮದುವೆಯಾಗಿ ಬಂದದ್ದು ಕಡಬದಿಂದ ಇಚಿಲಂಪಾಡಿಗೆ ಹೋಗುವ ಕಡೆಯ ಒಂದು ಊರಿಗೆ. ಗಂಡನಿಗೆ ಕಡಬದಲ್ಲಿ ಹಾರ್ಡ್‌ವೇರ್ ಅಂಗಡಿ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಕೆಂಪುಕಲ್ಲಿನ ಕೋರೆ. ನಮ್ಮ ಮನೆಯ ಗೋಡೆಯೂ ಅಲ್ಲಿಯ ಕಲ್ಲಿನದೇ. ಹಾಗಾಗಿ ಕೋರೆಯ ಬಗ್ಗೆ ತುಂಬ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಕಲ್ಲು ಕೊಯ್ಯುವ ಮೆಷಿನಿನ ಸದ್ದು ಬೆಳಗ್ಗೆ ಶುರುವಾದರೆ ಮಧ್ಯಾಹ್ನದ ಊಟಕ್ಕೆ ನಿಲ್ಲುತ್ತದೆ. ಒಣಗಲು ಹಾಕಿದ ಬಿಳಿ ಬಟ್ಟೆಗಳೆಲ್ಲ ನಾಲ್ಕು ತಿಂಗಳಲ್ಲಿ ಒಂದೇ ಬಣ್ಣಕ್ಕೆ ಬರುತ್ತವೆ. ನಾವು ಈಗ ಆ ಬಣ್ಣದ್ದನ್ನೇ ಕೊಂಡುಕೊಳ್ಳುತ್ತೇವೆ.

ಕೋರೆಯ ಕೆಳಗೆ, ಇಳಿಜಾರು ಮುಗಿಯುವಲ್ಲಿ, ಅಂಗನವಾಡಿ ಇದೆ. ಅದರ ಟೀಚರ್ ನನ್ನ ಗೆಳತಿ. ಪಕ್ಕದ ಮನೆಯವರು, ಅರೆಭಾಷೆಯ ಗೌಡರ ಮನೆಯ ಹೆಣ್ಣು, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಸಿಟ್ಟು ಬಂದರೆ ಮಾತು ಇನ್ನೂ ಮೆತ್ತಗಾಗುವ ಸ್ವಭಾವ. ಊರಿನ ಎಲ್ಲ ಮಕ್ಕಳೂ ಅವರ ಕೈಯಲ್ಲಿ ಮೂಗು ಒರೆಸಿಕೊಂಡು ದೊಡ್ಡವರಾಗಿದ್ದಾರೆ. ಪಂಚಾಯತ್ ಅಧ್ಯಕ್ಷರು ಕೂಡ ಅವರ ಎದುರು ಕುಳಿತಾಗ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

ಕೋರೆ ಆಳಕ್ಕೆ ಹೋದ ಮೇಲೆ ಅಂಗನವಾಡಿಯ ಬಾವಿ ಕೆಟ್ಟಿತು. ಬೇಸಿಗೆಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ಹಾಲು ಹಾಕಿದ ಚಾದ ಬಣ್ಣದ ನೀರು. ಟೀಚರ್ ಬೆಳಗ್ಗೆ ನಮ್ಮ ಬಾವಿಯಿಂದ ನೀಲಿ ಕ್ಯಾನಿನಲ್ಲಿ ನೀರು ಹೊರುತ್ತಿದ್ದರು. ಇಲಾಖೆಯ ಮೇಲ್ವಿಚಾರಕಿ ಬಂದು ನಲ್ಲಿ ತಿರುಗಿಸಿ ನೋಡಿದರು. ನಲ್ಲಿಯಿಂದ ಒಂದು ಇರುವೆ ಹೊರಗೆ ಬಂತು.

"ಬೇಸಿಗೆ ರಜೆ ಮುಗಿದು ತೆರೆಯುವಾಗ ನೀರು ಇರ್ಬೇಕು ಟೀಚರ್" ಎಂದರು ಮೇಲ್ವಿಚಾರಕಿ. "ಇಲ್ಲದಿದ್ರೆ ಈ ಕೇಂದ್ರವನ್ನು ಆಚೆಯ ಕೇಂದ್ರಕ್ಕೆ ಸೇರಿಸುದು. ನನ್ನ ಕೈಯಲ್ಲಿ ಎಂತದೂ ಇಲ್ಲ."

ಆಚೆಯ ಕೇಂದ್ರ ಎಂದರೆ ಮುಖ್ಯ ರಸ್ತೆಯ ಆಚೆ. ಆ ರಸ್ತೆಯಲ್ಲಿ ಕಲ್ಲಿನ ಲಾರಿಗಳೂ ಯಾತ್ರಿಕರ ಬಸ್ಸುಗಳೂ ಒಂದನ್ನೊಂದು ಹಿಂದೆ ಹಾಕುತ್ತಾ ಹೋಗುತ್ತವೆ. ದಾಟಬೇಕಾದವರು ಮೂರು ವರ್ಷದ ಮಕ್ಕಳು. ತಾಯಂದಿರು ಕಳಿಸುವುದಿಲ್ಲ ಎಂದು ಟೀಚರಿಗೆ ಗೊತ್ತಿತ್ತು. ಮಕ್ಕಳಿಲ್ಲದಿದ್ದರೆ ಟೀಚರ್ ಕೂಡ ಬೇಡ ಎಂಬುದೂ ಗೊತ್ತಿತ್ತು. ಅವರು ಇರುವೆಯನ್ನು ಕಡ್ಡಿಯಿಂದ ಎತ್ತಿ ಹೊರಗೆ ಬಿಟ್ಟರು.

ಅದೇ ಸಮಯಕ್ಕೆ ನಮ್ಮ ಸ್ವಸಹಾಯ ಸಂಘಕ್ಕೆ ಪುತ್ತೂರಿನಿಂದ ಒಂದು ಕರೆ ಬಂತು. ಗಣಿ ಹಣದ ಲೆಕ್ಕವನ್ನು ಜನರೇ ಕೇಳಬೇಕು ಎನ್ನುವ ಕೆಲವರು ಸೇರಿ ಮಾಡಿಕೊಂಡ ಒಂದು ಗುಂಪು. ಊರಿಗೊಬ್ಬರಂತೆ ತರಬೇತಿಗೆ ಕಳಿಸಿ ಎಂದಿದ್ದರು. ಯಾರಿಗೂ ಪುರುಸೊತ್ತು ಇರಲಿಲ್ಲ. ನಾನು ಹೇಗೂ ಕಬಕಕ್ಕೆ ಅಮ್ಮನನ್ನು ನೋಡಲು ಹೋಗುವುದಿತ್ತು, ಹಾಗಾಗಿ ನಾನೇ ಹೋದೆ. ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ. ಹೇಳಿಕೊಡುವವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮೇಡಂ. ಹತ್ತಿ ಸೀರೆಯ ಸೆರಗಿಗೆ ಅವರು ಹಾಕಿದ್ದ ಪಿನ್ನು ಎಷ್ಟು ನೇರವಾಗಿತ್ತೆಂದರೆ ನನಗೆ ಅವರ ಮೇಲೆ ಕೂಡಲೇ ವಿಶ್ವಾಸ ಬಂತು.

ಮೊದಲು ಪರದೆಯ ಮೇಲೆ ದೂರದ ದೇಶಗಳ ಚಿತ್ರ ತೋರಿಸಿದರು. ಸಮುದ್ರದ ನಡುವೆ ಉರಿಯುವ ಗ್ಯಾಸಿನ ಬೆಂಕಿ. ಎಣ್ಣೆಯ ಪೈಪು. ನೆಲದಡಿಯ ಎಣ್ಣೆ, ಗ್ಯಾಸು, ಅದಿರು ಎಲ್ಲ ಮಾರಿದ ಹಣ ಎಲ್ಲಿ ಹೋಯಿತೆಂದು ಅಲ್ಲಿಯ ಜನರಿಗೆ ಗೊತ್ತಾಗುವುದಿಲ್ಲ, ಕಂಪೆನಿ ಎಷ್ಟು ಕೊಟ್ಟಿತು ಎಂದು ಹೇಳುವುದಿಲ್ಲ, ಸರಕಾರ ಎಷ್ಟು ತೆಗೆದುಕೊಂಡಿತು ಎಂದೂ ಹೇಳುವುದಿಲ್ಲ, ಎರಡೂ ಬಾಯಿ ಬಿಡುವಂತೆ ಮಾಡುವುದೇ ನಮ್ಮ ಕೆಲಸ ಎಂದರು. ನನ್ನ ಪಕ್ಕದಲ್ಲಿ ಸುಳ್ಯದ ಕಡೆಯಿಂದ ಬಂದ ಒಬ್ಬರು ಹೆಂಗಸು ಮೆಲ್ಲಗೆ, "ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ್ರೇ ಬರುದಿಲ್ಲ, ಇನ್ನು ಅವರದ್ದು ಯಾಕೆ?" ಎಂದರು. ನಾನು ಚಿತ್ರದಲ್ಲಿದ್ದ ಮಕ್ಕಳನ್ನು ನೋಡುತ್ತಿದ್ದೆ. ಪೈಪಿನ ಪಕ್ಕದಲ್ಲಿ ನಿಂತಿದ್ದ ಅವರ ಕೈಯಲ್ಲಿ ಕ್ಯಾನ್ ಇತ್ತು. ನೀಲಿ ಕ್ಯಾನ್, ಟೀಚರದ್ದೇ ಅಳತೆ.

ಊಟದ ನಂತರ ಮೇಡಂ ನಮ್ಮ ಜಿಲ್ಲೆಗೆ ಬಂದರು. ಕಲ್ಲು ತೆಗೆಯುವವರು ಸರಕಾರಕ್ಕೆ ರಾಜಧನ ಕಟ್ಟಬೇಕು. ಅದರ ಜೊತೆ ಇನ್ನೊಂದು ಪಾಲನ್ನು ಜಿಲ್ಲೆಯ ಖನಿಜ ನಿಧಿಗೆ ಹಾಕಬೇಕು. ಕೋರೆಯಿಂದ ತೊಂದರೆಯಾದ ಊರಿಗೆ ಆ ನಿಧಿಯಿಂದ ಕುಡಿಯುವ ನೀರು, ಶಾಲೆ, ಔಷಧಿ ಮೊದಲಾದವು ವಾಪಸು ಬರಬೇಕು. "ಬಂತಾ ಇಲ್ವಾ ಅಂತ ಕೇಳುದು ತಪ್ಪಲ್ಲ" ಎಂದರು ಮೇಡಂ. ನಾವೆಲ್ಲ ತಲೆಯಾಡಿಸಿದೆವು. ತಪ್ಪಲ್ಲ ಎನ್ನುವುದು ನಮಗೂ ಗೊತ್ತಿತ್ತು. ಕೇಳುವುದು ಯಾರು ಎಂಬುದು ಗೊತ್ತಿರಲಿಲ್ಲ.

ಟೀಚರ್ ಕೇಳುವಂತಿಲ್ಲ, ಅವರು ಇಲಾಖೆಯ ಕೈಕೆಳಗಿನವರು. ತಾಯಂದಿರು ಕೇಳುವಂತಿಲ್ಲ, ಹಲವರ ಗಂಡಂದಿರು ಕೋರೆಯ ಲಾರಿ ಓಡಿಸುತ್ತಾರೆ. ನಾನು ಮನೆಗೆ ಬಂದು ಗಂಡನಿಗೆ ಹೇಳಿದೆ.

"ಗ್ರಾಮಸಭೆಯಲ್ಲಿ ನಾನು ಕೇಳಿದ್ರೆ ಹೇಗೆ?"

ಅವರು ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುತ್ತಿದ್ದರು. ಕೈ ಅಲ್ಲೇ ನಿಂತಿತು. "ಎಂತ ಮಾರಾಯ್ತಿ ನೀನು? ಕೋರೆಯ ಧಣಿಗಳು ನಮ್ಮ ಅಂಗಡಿಗೆ ಬರುವವರು. ಮೆಷಿನಿನ ಬ್ಲೇಡು ನಮ್ಮಿಂದ, ಪೈಪು ನಮ್ಮಿಂದ. ಅವರ ಮೋರೆ ನೋಡಿ ಪ್ರಶ್ನೆ ಕೇಳ್ಲಿಕ್ಕೆ ಆಗ್ತದಾ?"

"ಮೋರೆ ನೋಡದೆ ಕೇಳ್ತೇನೆ."

"ತಮಾಷೆ ಬೇಡ. ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳುದಿಲ್ಲ ಅಂತ ಮಾತು ಕೊಡು."

ನಾನು ಮಾತು ಕೊಟ್ಟೆ. ಮದುವೆಯಾದ ಮೇಲೆ ಕೊಟ್ಟ ಮಾತುಗಳಲ್ಲಿ ಇದು ಹಗುರದ್ದು ಎಂದು ನನಗೆ ಅನ್ನಿಸಿತು.

ಧಣಿಗಳು ಕೆಟ್ಟ ಮನುಷ್ಯರಲ್ಲ. ಊರಿನ ಎಲ್ಲ ಕೆಲಸಕ್ಕೂ ಅವರ ಕೈ ಇದೆ. ಗ್ರಾಮಸಭೆಯ ಗೋಳಿಬಜೆ ಮತ್ತು ಚಾ ಯಾವಾಗಲೂ ಅವರದ್ದು. ಶಾಮಿಯಾನ ಅವರದ್ದು. ಮೈಕಿನವರಿಗೆ ಹೇಳುವುದೂ ಅವರೇ. ಯಾರ ಮನೆಯ ಮದುವೆಗಾದರೂ ಒಂದು ಲೋಡ್ ಕಲ್ಲಿನ ಹುಡಿ ಅಂಗಳಕ್ಕೆ ಬಂದು ಬೀಳುತ್ತದೆ. ಹೀಗಿರುವಾಗ ದಾಕ್ಷಿಣ್ಯ ಎನ್ನುವುದು ನಮ್ಮಲ್ಲಿ ಹುಟ್ಟಬೇಕಾಗಿಲ್ಲ, ಲಾರಿಯಲ್ಲೇ ಬರುತ್ತದೆ.

ಗ್ರಾಮಸಭೆ ಮಾರ್ಚ್ ತಿಂಗಳಲ್ಲಿ, ಪಂಚಾಯತಿನ ಸಮುದಾಯ ಭವನದಲ್ಲಿ ನಡೆಯಿತು. ಬೆಳಗ್ಗೆಯೇ ಸೆಕೆ. ಧನ್ಯವಾದ ಎಂದಿನಂತೆ ನನಗೆ. ಮೇಜಿನ ಮೇಲೆ ಸ್ಟೀಲ್ ಲೋಟದಲ್ಲಿ ಗುಲಾಬಿಗಳನ್ನು ನಾನೇ ಇಟ್ಟಿದ್ದೆ; ಬೆಳಗ್ಗೆ ನಮ್ಮ ಗಿಡದಿಂದ ಕೊಯ್ದದ್ದು. ಪುತ್ತೂರಿನ ಮೇಡಂ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರ ಗುಂಪಿನವರು ಇಲಾಖೆಗೆ ಪತ್ರದ ಮೇಲೆ ಪತ್ರ ಬರೆದ ಕಾರಣ ಆ ಸಲ ಗಣಿ ಇಲಾಖೆಯ ಅಧಿಕಾರಿಯೊಬ್ಬರು ಬಂದಿದ್ದರು. ನಮ್ಮ ಊರಿಗೆ ಆ ಇಲಾಖೆ ಕಾಲಿಟ್ಟದ್ದು ನನಗೆ ನೆನಪಿದ್ದ ಹಾಗೆ ಅದೇ ಮೊದಲು. ಅವರ ಶೂ ತುಂಬ ಶುಭ್ರವಾಗಿತ್ತು. ಅದನ್ನು ನೋಡಿದರೆ ಅವರು ಕೋರೆಯನ್ನು ನೋಡಿ ಬಂದಿಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು.

ಒಂದೊಂದು ಇಲಾಖೆಯವರು ಎದ್ದು ಮಾಹಿತಿ ಕೊಟ್ಟರು. ನಾಯಿಗಳಿಗೆ ಚುಚ್ಚುಮದ್ದು, ಅಡಿಕೆಗೆ ಔಷಧಿ, ವಿದ್ಯುತ್ ತಂತಿಗೆ ತಾಗುವ ಕೊಂಬೆ. ನಾನು ಬೆರಳು ಮಡಚುತ್ತಾ ಹೋದೆ. ಗಣಿ ಅಧಿಕಾರಿಯ ಸರದಿ ಬಂದಾಗ ಜನ ಒಬ್ಬೊಬ್ಬರಾಗಿ ಅಂಗಳಕ್ಕೆ ನಡೆದಿದ್ದರು. ಅವರು ಬಸ್ಸಿನ ಕಂಡಕ್ಟರ್ ಸ್ಟಾಪುಗಳನ್ನು ಹೇಳುವ ವೇಗದಲ್ಲಿ ಖನಿಜ ನಿಧಿಯ ಕಾಮಗಾರಿಗಳನ್ನು ಓದಿದರು. ಪ್ರತಿಯೊಂದರ ಕೊನೆಗೂ "ಪೂರ್ಣಗೊಂಡಿದೆ." ಆ ಹರಿವಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು: ನಮ್ಮ ಊರಿನ ಅಂಗನವಾಡಿ ಕೇಂದ್ರಕ್ಕೆ ಕೊಳವೆಬಾವಿ, ಕುಡಿಯುವ ನೀರಿನ ಟ್ಯಾಂಕ್ ಮತ್ತು ಪೈಪ್‌ಲೈನ್, ಪೂರ್ಣಗೊಂಡಿದೆ.

ನಾನು ಬೆರಳು ಮಡಚಿದೆ.

ಆಮೇಲೆ ಯೋಚಿಸಿದೆ. ಅಂಗನವಾಡಿಯ ಹಿಂದೆ ಸರಿಯಾಗಿ ನೋಡಿರಲಿಲ್ಲವೇ? ಹಿಂದೆ ಪೇರಳೆ ಮರ. ಮೇಲೆ ನೋಡಿರಲಿಲ್ಲವೇ? ಮೇಲೆ ಹಂಚು. ಟೀಚರ್ ಕಡೆ ನೋಡಿದೆ. ಅವರು ಬಾಗಿಲ ಬಳಿ ಒಂದು ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದರು, ಕೇಳಿಸಿರಲಿಲ್ಲ. ಪುತ್ತೂರಿನ ಮೇಡಂ ಎದ್ದು ಏನೋ ಕೇಳಲು ಹೊರಟರು. "ನೀವು ಈ ಗ್ರಾಮದ ಮತದಾರರಲ್ಲ, ಕೂತ್ಕೊಳ್ಳಿ ಮೇಡಂ, ಚಾ ಕುಡ್ದು ಹೋಗುವ" ಎಂದು ಅಧ್ಯಕ್ಷರು ಪ್ರೀತಿಯಿಂದ ಹೇಳಿದರು. ಮೇಡಂ ಕುಳಿತರು. ಬೇರೆ ಯಾರೂ ಏಳಲಿಲ್ಲ. "ಪ್ರಶ್ನೆಗಳು ಇಲ್ಲ ಅಂತ ಆಯ್ತು. ಈಗ ಧನ್ಯವಾದ" ಎಂದರು ಅಧ್ಯಕ್ಷರು.

ಜನ ಒಳಗೆ ಬಂದು ಕುಳಿತರು. ನನ್ನ ಗಂಡ ಕೂಡ ಅಂಗಡಿ ಮುಚ್ಚಿ ಬಂದು ಕಿಟಕಿಯ ಬಳಿ ನಿಂತಿದ್ದರು. ನಾನು ಮೈಕ್ ಹಿಡಿದೆ. ಪ್ರಶ್ನೆ ಕೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟದ್ದು ನೆನಪಿತ್ತು. ಧನ್ಯವಾದದ ಬಗ್ಗೆ ನಮ್ಮಲ್ಲಿ ಮಾತುಕತೆ ಆಗಿರಲಿಲ್ಲ.

ನಾಯಿಗಳ ಚುಚ್ಚುಮದ್ದಿಗೆ ಧನ್ಯವಾದ ಹೇಳಿದೆ. ಕೊಂಬೆ ಕಡಿದದ್ದಕ್ಕೆ ಹೇಳಿದೆ. ಗೋಳಿಬಜೆಗೆ, ಶಾಮಿಯಾನಕ್ಕೆ ಧಣಿಗಳಿಗೆ ಹೇಳಿದೆ. ಅವರು ಕೈಮುಗಿದರು. ಅಲ್ಲಿಂದ ಗಣಿ ಇಲಾಖೆಗೆ ಬಂದೆ.

"ನಮ್ಮ ಅಂಗನವಾಡಿಗೆ ಕೊಳವೆಬಾವಿ ಕೊರೆಸಿ, ಟ್ಯಾಂಕ್ ಕಟ್ಟಿಸಿ, ಪೈಪು ಹಾಕಿಸಿಕೊಟ್ಟ ಇಲಾಖೆಗೆ ಧನ್ಯವಾದಗಳು. ಟ್ಯಾಂಕನ್ನು ಪಡೆದುಕೊಂಡ ಅಂಗನವಾಡಿ ಟೀಚರ್ ವೇದಿಕೆಗೆ ಬಂದು ಅಧಿಕಾರಿಗಳಿಗೆ ಹೂವು ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ."

ಟೀಚರ್ ಬಾಗಿಲ ಬಳಿಯಿಂದ ನನ್ನನ್ನು ನೋಡಿದರು. ಕರೆದರೆ ಬರುವುದು ಕ್ರಮ, ಹಾಗಾಗಿ ಬಂದರು. ನಾನು ಲೋಟದಿಂದ ಗುಲಾಬಿ ತೆಗೆದು ಕೊಟ್ಟೆ. ದಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಧಿಕಾರಿ ಎದ್ದು ಕೈ ಚಾಚಿದರು. ಟೀಚರ್ ಹೂವು ಕೊಡಲಿಲ್ಲ, ಕೊಡದೆಯೂ ಇರಲಿಲ್ಲ. ನಡುವೆ ಹಿಡಿದುಕೊಂಡು, ಮಕ್ಕಳ ಹತ್ತಿರ ಮಾತಾಡುವ ಸ್ವರದಲ್ಲಿ ಕೇಳಿದರು.

"ಸಾರ್, ಟ್ಯಾಂಕ್ ಎಲ್ಲಿ ಉಂಟು?"

ಮೈಕ್ ನನ್ನ ಕೈಯಲ್ಲಿ ಅವರ ಬಾಯಿಯ ಹತ್ತಿರವೇ ಇತ್ತು. ಅಂಗಳದಲ್ಲಿ ಚಾ ಸೋಸುತ್ತಿದ್ದವರಿಗೂ ಕೇಳಿಸಿತು.

ಮುಂದಿನ ಸಾಲಿನಿಂದ ಕಾಕ ಎದ್ದು ನಿಂತರು. ಕಾಕ ಎಂದು ಊರೆಲ್ಲ ಕರೆಯುವ ಬ್ಯಾರಿ ಹಿರಿಯರು. ಗಲ್ಫಿನಲ್ಲಿ ಎಣ್ಣೆ ತೆಗೆಯುವ ಕಂಪೆನಿಯಲ್ಲಿ ಅಡುಗೆ ಮಾಡಿ ವಯಸ್ಸು ಕಳೆದು ಬಂದವರು. ಅವರ ಮೊಮ್ಮಗಳು ಅಂಗನವಾಡಿಗೆ ಹೋಗುತ್ತಾಳೆ; ಗುಂಡಿ ಹಾಕಿಸಿಕೊಳ್ಳುತ್ತಿದ್ದದ್ದು ಅವಳೇ.

"ನಾನು ಇದ್ದಲ್ಲಿ ನೆಲದಿಂದ ಎಣ್ಣೆ ತೆಗೆದು ತೆಗೆದು ಕೊಂಡು ಹೋಗ್ತಿದ್ರು" ಎಂದರು ಕಾಕ. "ಎಲ್ಲಿಗೆ ಅಂತ ಕೇಳಿದವನ ವೀಸಾ ಕ್ಯಾನ್ಸಲ್. ಇಲ್ಲಿ ನಮ್ಗೆ ವೀಸಾ ಇಲ್ಲ ಅಲ್ವಾ ಅಧ್ಯಕ್ಷರೇ? ಹಾಗಾದ್ರೆ ಟ್ಯಾಂಕ್ ಎಲ್ಲಿ ಉಂಟು ಹೇಳಿ ಮಾರಾಯ್ರೆ."

ಹಿಂದಿನಿಂದ ಒಬ್ಬರು, "ಕಾಕ, ಬಜೆ ತಣಿತದೆ, ಬೇಗ ಕೇಳಿ" ಎಂದರು. ಇನ್ನೊಬ್ಬರು, "ಟ್ಯಾಂಕ್ ಪೂರ್ಣಗೊಂಡು ಎಲ್ಲಿಗೋ ಹೋಗಿರ್ಬೇಕು" ಎಂದರು. ನಗು ಎದ್ದಿತು.

ಅಧ್ಯಕ್ಷರು ನನ್ನ ಕಡೆ ಬಾಗಿ, "ನೀವು ಮುಂದೆ ಹೇಳಿ, ಮುಗಿಸಿ" ಎಂದರು.

"ಇದು ಮುಗಿಯದೆ ಮುಂದಿನದಕ್ಕೆ ಹೋಗುವ ಹಾಗಿಲ್ಲ" ಎಂದೆ. ನಿಜಕ್ಕೂ ಹೋಗುವ ಹಾಗಿರಲಿಲ್ಲ. ಹೂವು ಇನ್ನೂ ಟೀಚರ್ ಕೈಯಲ್ಲಿತ್ತು. ಸಿಸ್ಟರ್ ಅಂಥ ಸಂದರ್ಭದ ಬಗ್ಗೆ ಏನೂ ಹೇಳಿಕೊಟ್ಟಿರಲಿಲ್ಲ.

ಅಧಿಕಾರಿ ಗುತ್ತಿಗೆದಾರರಿಗೆ ಫೋನ್ ಮಾಡಿದರು. ಮಾತಾಡುತ್ತಾ ಮಾತಾಡುತ್ತಾ ಅವರ ಕಣ್ಣು ಧಣಿಗಳ ಕಡೆ ಹೋಯಿತು. ಧಣಿಗಳು ಯಾವ ಮುಜುಗರವೂ ಇಲ್ಲದೆ ಎದ್ದು, "ಟ್ಯಾಂಕ್ ಉಂಟು. ನೋಡುವವರು ಬನ್ನಿ" ಎಂದರು.

ಹಸಿದ ಸಭೆ ಗುಡ್ಡ ಹತ್ತಿತು. ಅಧಿಕಾರಿಯ ಶೂ ಕೂಡ ಹತ್ತಿತು. ಕೋರೆಯ ಗೇಟಿನ ಒಳಗೆ, ಲಾರಿ ನಿಲ್ಲಿಸುವ ಜಾಗದ ಮೂಲೆಯಲ್ಲಿ, ಚಂದದ ಒಂದು ಟ್ಯಾಂಕ್ ಇತ್ತು. ಗಿಲಾವು ಮಾಡಿ ಬಿಳಿ ಸುಣ್ಣ ಹೊಡೆದು ಅದರ ಮೇಲೆ ನೀಲಿ ಅಕ್ಷರಗಳಲ್ಲಿ "ಅಂಗನವಾಡಿ ಕೇಂದ್ರ" ಎಂದು ಬರೆದಿತ್ತು. ಕೆಳಗೆ ಒಂದು ಮಗು ಲೋಟದಲ್ಲಿ ನೀರು ಕುಡಿಯುವ ಚಿತ್ರ. ಮಗುವಿನ ಮೂಗಿನವರೆಗೆ ಕೆಂಪು ಕೆಸರು ಹಾರಿತ್ತು, ಯಾಕೆಂದರೆ ಅದರ ಎದುರಿಗೆ ಲಾರಿ ತೊಳೆಯುತ್ತಿದ್ದರು. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅಕ್ಷರಗಳು ಗೇಟಿನಿಂದಲೇ ಓದುವಷ್ಟು ದಪ್ಪ ಇದ್ದವು, ಆದರೆ ಗೇಟಿನವರೆಗೆ ಬರುವುದು ಕೆಲಸದವರು ಮಾತ್ರ. ಕಲ್ಲು ಕೊಯ್ಯುವವರು ಬೇರೆ ರಾಜ್ಯದವರು, ಕನ್ನಡ ಓದಲು ಬಾರದು. ಲಾರಿ ಓಡಿಸುವ ನಮ್ಮವರಿಗೆ ಓದಲು ಬರುತ್ತದೆ. ಒಬ್ಬ ತಾಯಿ ಅಲ್ಲೇ ತನ್ನ ಗಂಡನನ್ನು ಹಿಡಿದಳು.

"ನಿಮ್ಗೆ ಗೊತ್ತಿತ್ತಾ?"

"ಬರ್ದದ್ದು ಗೊತ್ತಿತ್ತು" ಎಂದ ಅವನು. "ಸರಕಾರದವರು ಎಲ್ಲೆಲ್ಲೋ ಎಂತೆಂತದೋ ಬರೀತಾರೆ. ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗುವಿನ ಕೋಣೆ ಅಂತ ಬರ್ದದ್ದುಂಟು, ಒಳಗೆ ಪೊರಕೆ ಇರುದು."

ಧಣಿಗಳು ವಿವರಿಸಿದರು. ಅಂಗನವಾಡಿಯ ಹತ್ತಿರ ಕೊಳವೆಬಾವಿಯ ಲಾರಿ ಇಳಿಯಲು ದಾರಿ ಇರಲಿಲ್ಲ. ಕೆಲಸ ವಾಪಸು ಹೋಗುತ್ತದೆ ಎಂದು ಗುತ್ತಿಗೆದಾರರು ಹೇಳಿದರು. ಊರಿಗೆ ಬಂದದ್ದು ವಾಪಸು ಹೋಗುವುದು ಬೇಡ ಎಂದು ಅವರೇ ತಮ್ಮ ಜಾಗ ಕೊಟ್ಟರು. "ಎತ್ತರದಲ್ಲಿ ಉಂಟಲ್ಲ. ನೀರು ತಾನಾಗಿ ಕೆಳಗೆ ಹೋಗ್ತದೆ."

"ಹೋಗ್ತದಾ?" ಎಂದರು ಟೀಚರ್.

"ಪೈಪು ಹಾಕಿದ್ರೆ ಹೋಗ್ತದೆ."

"ಪೈಪು ಕೂಡ ಪೂರ್ಣಗೊಂಡಿದೆ ಅಂತ ಹೇಳಿದ್ರಲ್ಲ?"

ಪೈಪು ಇತ್ತು. ಟ್ಯಾಂಕಿನ ಬುಡದಿಂದ ಹೊರಟು ಮೆಷಿನ್ ಇರುವ ಕಡೆಗೆ, ಕೋರೆಯ ಒಳಗೆ ಇಳಿದಿತ್ತು. ಹೊಸ ಪೈಪು, ಹೊಳೆಯುವ ವಾಲ್ವ್. ನನ್ನ ಗಂಡ ಅದನ್ನು ನೋಡುತ್ತಾ ನಿಂತಿದ್ದರು, ಮದುವೆ ಮನೆಯಲ್ಲಿ ಅಪರಿಚಿತರ ನಡುವೆ ತಮ್ಮದೇ ಕೊಡೆಯನ್ನು ಕಂಡವರ ಹಾಗೆ.

"ನಮ್ಮ ಅಂಗಡಿಯದ್ದಾ?" ಎಂದು ಮೆಲ್ಲಗೆ ಕೇಳಿದೆ. ಕೊಟ್ಟ ಮಾತು ಸಭೆಯದ್ದು, ಗುಡ್ಡದ ಮೇಲೆ ಪ್ರಶ್ನೆ ಕೇಳಬಹುದಿತ್ತು.

"ವಾಲ್ವ್ ಒಳ್ಳೇ ಕಂಪೆನಿಯದ್ದು" ಎಂದರು ಅವರು.

ಅಧಿಕಾರಿ ಶೂ ಒರೆಸಿಕೊಂಡು ಹೇಳಿದರು: "ಕಾಮಗಾರಿ ಆಗಿದೆ. ಸ್ಥಳ ಮಾತ್ರ ಸ್ವಲ್ಪ ಮೇಲೆ."

"ಹಾಗಾದರೆ ಪೂರ್ಣಗೊಂಡಿಲ್ಲ ಅಂತ ಬರೆಯಿರಿ" ಎಂದರು ಪುತ್ತೂರಿನ ಮೇಡಂ. ಗುಡ್ಡದ ಮೇಲೆ ಮತದಾರರು, ಮತದಾರರಲ್ಲದವರು ಎಂಬ ಭೇದ ಇರಲಿಲ್ಲ.

"ಒಮ್ಮೆ ಪೂರ್ಣಗೊಂಡದ್ದನ್ನು ಪೂರ್ಣಗೊಂಡಿಲ್ಲ ಅಂತ ಬರೆಯುವ ಕ್ರಮ ಇಲ್ಲ ಮೇಡಂ."

ಬಿಸಿಲಿನಲ್ಲಿ ನಿಂತು ತುಂಬ ಮಾತು ನಡೆಯಿತು. ಮೇಡಂ ಹೇಳಿದ್ದು: ಟ್ಯಾಂಕ್ ಮಕ್ಕಳದ್ದು, ಕೋರೆಗೆ ಹೋಗುವ ಪೈಪನ್ನು ಇವತ್ತೇ ಕಡಿಯಬೇಕು, ಇಷ್ಟು ದಿನ ಬಳಸಿದ್ದಕ್ಕೆ ಲೆಕ್ಕ ಕೊಡಬೇಕು. ಧಣಿಗಳು ಹೇಳಿದ್ದು: ಕೆಳಗಿನವರೆಗೆ ಪೈಪು ಹಾಕಿಸಿಕೊಡುತ್ತೇನೆ, ಆದರೆ ಜಾಗ ನನ್ನದು, ಕರೆಂಟ್ ನನ್ನದು. ಕಾಕ ಹೇಳಿದ್ದು: ತಲೆಗೆ ಬಿಸಿಲು ಹಿಡಿಯುತ್ತದೆ. ಕೊನೆಗೆ ಟೀಚರ್ ಮಾತಾಡಿದರು. ಮೆತ್ತಗೆ ಮಾತಾಡಿದ ಕಾರಣ ಎಲ್ಲರೂ ಹತ್ತಿರ ಬರಬೇಕಾಯಿತು.

"ಧಣಿಗಳು ಜಾಗ ಕೊಟ್ಟಿದ್ದಾರೆ, ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನಮ್ಮ ಮಕ್ಕಳು ಕುಡಿದು, ಪಾತ್ರೆ ತೊಳೆದು ಉಳಿದದ್ದು ಅವರಿಗೆ. ಆದ್ರೆ ಕೋರೆಯ ಕಡೆ ಹೋಗುವ ವಾಲ್ವಿಗೆ ಬೀಗ ಹಾಕ್ಬೇಕು. ಕೀ ನನ್ನ ಹತ್ರ ಇರ್ಬೇಕು."

"ಕೀ ನಿಮ್ಮ ಹತ್ರ ಯಾಕೆ ಟೀಚರ್? ನನ್ನ ಮೇಲೆ ನಂಬಿಕೆ ಇಲ್ವಾ?" ಎಂದರು ಧಣಿಗಳು.

"ನಿಮ್ಮ ಮೇಲೆ ಉಂಟು. ವಾಲ್ವಿನ ಮೇಲೆ ಇಲ್ಲ."

ಧಣಿಗಳ ಮಗಳು ಕೂಡ ಟೀಚರ್ ಕೈಯಲ್ಲಿ ಕಲಿತವಳು. ಧಣಿಗಳು ಟ್ಯಾಂಕಿನ ಮೇಲಿನ ಮಗುವಿನ ಚಿತ್ರ ನೋಡಿ, "ಆಯ್ತು" ಎಂದರು. ಅಂಗನವಾಡಿ ತೆರೆಯುವ ಮೊದಲು ಎಲ್ಲವೂ ಆಗಬೇಕು ಎಂದು ಅಲ್ಲೇ ತೀರ್ಮಾನವಾಯಿತು. ಮೇಡಂ ಮಾತ್ರ ಇಳಿಯುವಾಗ ನನ್ನ ಕಿವಿಯಲ್ಲಿ, "ಇದು ಪಾರದರ್ಶಕತೆ ಅಲ್ಲ ಮಾರಾಯ್ರೆ, ಪಂಚಾಯ್ತಿಕೆ" ಎಂದರು. ಅವರು ಹೇಳಿದ್ದು ಸರಿಯಿತ್ತು. ಅಧಿಕಾರಿ ಓದಿದ ಉಳಿದ ಕಾಮಗಾರಿಗಳನ್ನು ಹುಡುಕಲು ಮೇಡಂ ಆಮೇಲೆ ಬೇರೆ ಬೇರೆ ಗುಡ್ಡಗಳನ್ನು ಹತ್ತಿದರು. ಕೆಲವು ಸಿಕ್ಕಿದವು, ಕೆಲವು ಇನ್ನೂ ಸಿಕ್ಕಿಲ್ಲ.

ಭವನಕ್ಕೆ ಮರಳಿದಾಗ ಗೋಳಿಬಜೆ ಚರ್ಮದ ಹಾಗಾಗಿತ್ತು. "ಧನ್ಯವಾದ ಮುಗಿಸಿ, ಜನ ಬಿದ್ದು ಹೋಗ್ತಾರೆ" ಎಂದು ಅಧ್ಯಕ್ಷರು ಕೈಮುಗಿದರು. ಗಣಿ ಇಲಾಖೆಗೆ ಸಲ್ಲಬೇಕಾದ ಧನ್ಯವಾದವನ್ನು ನೀರು ಬಂದ ಮೇಲೆ ಸಲ್ಲಿಸಲಾಗುವುದು ಎಂದು ಹೇಳಿ, ಮೈಕಿನವರಿಗೆ ವಂದಿಸಿ ಮುಗಿಸಿದೆ. ಕಾರ್ಯದರ್ಶಿ ಅದನ್ನೂ ನಡಾವಳಿಗೆ ಸೇರಿಸಿದರಂತೆ.

ಗಂಡ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕೋಪವೋ ನಾಚಿಕೆಯೋ ನನಗೆ ಗೊತ್ತಾಗಲಿಲ್ಲ; ಅವರ ಮುಖದಲ್ಲಿ ಎರಡಕ್ಕೂ ಒಂದೇ ಜಾಗ. ಮೂರನೆಯ ದಿನ ಅಂಗಡಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ, "ಧಣಿಗಳು ಬಂದಿದ್ರು" ಎಂದರು.

"ಏನಂದ್ರು?"

"ಕೆಳಗಿನವರೆಗೆ ಬೇಕಾದ ಪೈಪು ತಕೊಂಡ್ರು. 'ನಿಮ್ಮ ಮನೆಯವರ ಧನ್ಯವಾದ ಭಯಂಕರ ಉಂಟು ಮಾರಾಯ್ರೆ, ಬೈದಿದ್ರೆ ಎಷ್ಟೋ ಆಗ್ತಿತ್ತು' ಅಂತ ಹೇಳಿದ್ರು." ಚಪ್ಪಲಿ ಬಿಟ್ಟು, "ಮೊದಲ ಸಲ ತಕೊಂಡಾಗ ಪೈಪು ಎಲ್ಲಿಗೆ ಅಂತ ನಾನು ಕೇಳ್ಬಹುದಿತ್ತು" ಎಂದರು. ನಾನು ಮಜ್ಜಿಗೆ ತರಲು ಒಳಗೆ ಹೋದೆ. ಈ ಸಲ ಪೈಪು ಹೂಳುವಾಗ ಅವರೇ ಹೋಗಿ ಕೊನೆಯವರೆಗೆ ನಡೆದು ನೋಡಿ ಬಂದರು.

ಅದರ ಮುಂದಿನ ಗ್ರಾಮಸಭೆಯಲ್ಲಿ ಧನ್ಯವಾದವನ್ನು ಯುವಕ ಮಂಡಲದ ಒಬ್ಬರಿಗೆ ಕೊಟ್ಟರು. ಅವರು ಒಂದೇ ಉಸಿರಿನಲ್ಲಿ ಸರ್ವರಿಗೂ ವಂದಿಸಿದರು. ಬಜೆ ಬಿಸಿಬಿಸಿ ಇತ್ತು.

ಅದಕ್ಕೂ ಮೊದಲೇ, ಮೇ ತಿಂಗಳ ಕೊನೆಯಲ್ಲಿ, ಅಂಗನವಾಡಿ ತೆರೆದಿತ್ತು. ಮಳೆ ಇನ್ನೂ ಬಂದಿರಲಿಲ್ಲ, ಅಂಗಳದ ಮಣ್ಣು ಕಾದಿತ್ತು. ಮೇಲ್ವಿಚಾರಕಿ ಬಂದರು. ನಲ್ಲಿ ತಿರುಗಿಸುವ ಮೊದಲು ಒಮ್ಮೆ ಬಗ್ಗಿ ನೋಡಿದರು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಬರೀ ನೀರು. ಅವರು ಕೈ ತೊಳೆದು, ಸೆರಗಿನಿಂದ ಒರೆಸಿ, "ಸರಿ ಟೀಚರ್, ಇಲ್ಲೇ ಇರ್ಲಿ" ಎಂದು ಸ್ಕೂಟರ್ ಹತ್ತಿದರು. ಟೀಚರ್ ಅಳುತ್ತಾರೋ ಎಂದು ನಾನು ನೋಡಿದೆ. ಅವರು ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಕಾಕನ ಮೊಮ್ಮಗಳು ಕೈ ತೊಳೆದ ಮೇಲೆ ನಲ್ಲಿಯ ಕೆಳಗಿನಿಂದ ಸರಿಯಲು ಒಪ್ಪಲಿಲ್ಲ, ಅವಳ ಹಿಂದೆ ಬೊಬ್ಬೆ ಶುರುವಾಯಿತು.

ಅಷ್ಟರಲ್ಲಿ ಗುಡ್ಡದಿಂದ ಲಾರಿ ಡ್ರೈವರ್ ಒಬ್ಬ ಇಳಿದು ಬಂದು ಗೇಟಿನ ಹೊರಗೆ ನಿಂತ.

"ಟೀಚರ್, ಮೇಲಿನ ವಾಲ್ವಿನ ಕೀ ಕೊಡ್ತೀರಾ? ಲಾರಿ ತೊಳೀಲಿಕ್ಕೆ ಉಂಟು."

"ಪಾತ್ರೆ ತೊಳ್ದು ಆಗ್ಲಿಲ್ಲ. ಒಳಗೆ ಬಂದು ಕೂತ್ಕೊಳ್ಳಿ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅಲ್ಲಿ ಮಕ್ಕಳ ಕುರ್ಚಿಗಳಲ್ಲದೆ ಬೇರೆ ಇರಲಿಲ್ಲ. ಅದರಲ್ಲೇ ಒಂದರ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕುಳಿತು, ಮಕ್ಕಳು ಕೈ ತೊಳೆದು ಮುಗಿಸುವುದನ್ನು ಕಾಯುತ್ತಿದ್ದ.